ಕಡಕೊಳದ ಗುಂಡಿಯ ನೆಲಗಪ್ಪೆಗಳು

ರಸಾಯನಶಾಸ್ತ್ರಕ್ಕೆ ಸೀಟು ಸಿಗದೆ ಎಂ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಹಿಡಿದವಳು ನಾನು. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಮಳೆಗಾಲದಲ್ಲಿ ಕುಂಬಾರಕೊಪ್ಪಲಿನ ನಮ್ಮ ಮನೆಯ ಬಚ್ಚಲಿಗೆ ಕಪ್ಪೆಯೊಂದು ಬಂದು ಕೂತರೆ, ಅಮ್ಮ ಪೊರಕೆಯಿಂದ ಅದನ್ನು ಆಚೆಗೆ ತಳ್ಳುವವರೆಗೂ ನಾನು ಸ್ನಾನಕ್ಕೆ ಹೋಗುತ್ತಿರಲಿಲ್ಲ. ಅಂಥವಳಿಗೆ ನಮ್ಮ ಮೇಷ್ಟ್ರು ಪ್ರಾಜೆಕ್ಟಿಗೆಂದು ಕೊಟ್ಟ ಕೆಲಸ, ಊರಿನ ಸುತ್ತಮುತ್ತ ನೆಲದ ಮೇಲೆ ಬದುಕುವ ಸಣ್ಣ ಕಪ್ಪೆಗಳನ್ನು ಗುರುತಿಸಿ ಪಟ್ಟಿ ಮಾಡುವುದು.

"ದೂರದಿಂದ ನೋಡಿ ಬರೀಬಹುದಾ ಸರ್?" ಎಂದು ಕೇಳಿದೆ.

"ಆಗಲ್ಲ ಕಣಮ್ಮ. ಕೈಲಿ ಹಿಡೀಬೇಕು, ಮಗುಚಿ ಅಂಗಾಲು ನೋಡ್ಬೇಕು. ಮೇಲಿಂದ ನೋಡಿದ್ರೆ ಎಲ್ಲಾ ಒಂದೇ ಥರ."

ನಂಜನಗೂಡು ರಸ್ತೆಯ ಬಸ್ಸು ಹಿಡಿದು ಕಡಕೊಳದಲ್ಲಿ ಇಳಿದೆ. ಇಟ್ಟಿಗೆಗೆಂದು ಮಣ್ಣು ತೆಗೆದು ಬಿಟ್ಟಿದ್ದ ಗುಂಡಿಯೊಂದು ಅಲ್ಲಿತ್ತು. ಮಳೆನೀರಿನ ಜೊತೆ ಸಗಣಿ, ಕೊಳೆತ ಹುಲ್ಲು, ಯಾರೋ ಎಸೆದ ಚಪ್ಪಲಿ. ಮೊದಲ ದಿನ ಕೈಗೆ ಸಿಕ್ಕಿದ್ದು ಮಣ್ಣು ಕೊರೆಯುವ ಗುಂಡುಗಪ್ಪೆ. ಅದರ ಹಿಂಗಾಲಿನ ಹಿಮ್ಮಡಿಯಲ್ಲಿ ಸಲಿಕೆಯ ಅಂಚಿನಂಥ ಗಟ್ಟಿ ಗಂಟು ಇರಬೇಕು. ಮಗುಚಿ ನೋಡಿದೆ, ಇತ್ತು. ಅಷ್ಟರಲ್ಲಿ ಅದು ಬಲೂನಿನಂತೆ ಉಬ್ಬಿ, ನನ್ನ ಅಂಗೈ ತುಂಬ ತಣ್ಣಗೆ ಉಚ್ಚೆ ಹೊಯ್ದಿತು. ಬೆರಳ ಸಂದಿಯಲ್ಲಿ ಲೋಳೆ ಎಳೆಎಳೆಯಾಗಿ ಅಂಟಿಕೊಂಡಿತು. ಮನೆಗೆ ಬಂದು ಮೂರು ಸಲ ಸೋಪು ಹಾಕಿ ತೊಳೆದರೂ ಆ ಕೈಯಿಂದ ತುತ್ತು ಎತ್ತಲಾಗಲಿಲ್ಲ.

ಮರುದಿನದಿಂದ ನಾನು ಕಪ್ಪೆ ಮುಟ್ಟಲಿಲ್ಲ. ಗುಂಡಿಯ ದಡದಲ್ಲಿ ನಿಂತು, ಕೊಡೆಯ ತುದಿಯಿಂದ ಹುಲ್ಲು ಸರಿಸಿ, ಕಂಡದ್ದಕ್ಕೆಲ್ಲ ಒಂದು ಹೆಸರು ಬರೆದೆ. ಅಂಗಾಲಿನ ವಿವರವನ್ನು ಪುಸ್ತಕ ನೋಡಿ ತುಂಬಿದೆ. ದಡದ ತುಂಬ ಹೆಬ್ಬೆರಳಿನಷ್ಟು ದಪ್ಪದ, ಮೈಯೆಲ್ಲ ಗುಳ್ಳೆ ಎದ್ದ ಕಪ್ಪೆಗಳಿದ್ದವು. ನಮ್ಮ ಬಚ್ಚಲಿಗೆ ಬರುವ ದೊಡ್ಡ ನೆಲಗಪ್ಪೆಯ ಮರಿಗಳಿರಬೇಕು ಎಂದುಕೊಂಡು ಮೂರು ವಾರವೂ 'ಮರಿ' ಎಂದೇ ಬರೆದೆ.

ಒಂದು ಸಂಜೆ, ದಿನವೂ ಎಮ್ಮೆ ಮೈ ತೊಳೆಯಲು ಬರುತ್ತಿದ್ದ ಅಜ್ಜಿ ಹತ್ತಿರ ಬಂದು, "ಅದೇನವ್ವಾ ದಿನಾ ಬರೀತೀಯ?" ಎಂದಳು.

"ಕಪ್ಪೆ ಮರಿ ಎಷ್ಟಿವೆ ಅಂತ, ಅಜ್ಜಿ."

"ಮರಿ ಎಲ್ಲವೆ? ಇವು ಬೆಳೆಯಾದೇ ಇಷ್ಟು. ಕೂಗಾದು ಕೇಳಾಕಿಲ್ವಾ? ಮರಿ ಎಲ್ಲಾರ ಎಣ್ಣು ಕರೀತದಾ?"

ಕೇಳಿಸಿಕೊಂಡೆ. ಮೂರು ವಾರದಿಂದ ಕಿವಿಗೆ ಬೀಳುತ್ತಿದ್ದ ಸದ್ದು ಅದೇ. ಕಾಲ ಬುಡದಲ್ಲೇ ಒಂದು, ಗಂಟಲು ಗುಳ್ಳೆಯಂತೆ ಉಬ್ಬಿಸಿ ಕೂಗುತ್ತಿತ್ತು. ಅಜ್ಜಿ ಅದನ್ನು ಥಟ್ಟನೆ ಹಿಡಿದು, ನನ್ನ ಕೈ ಎಳೆದು, ಅಂಗೈಯಲ್ಲಿಟ್ಟು ಬೆರಳು ಮುಚ್ಚಿಸಿದಳು. ಒಳಗೆ ಅದು ಕಾಲು ಒದೆಯುತ್ತಿತ್ತು. ಬೆರಳು ಸಡಿಲಿಸಿ ನೋಡಿದೆ. ದೊಡ್ಡ ನೆಲಗಪ್ಪೆಗೆ ಕಣ್ಣಿನ ಮೇಲೆ ಕಪ್ಪು ಅಂಚಿನ ಉಬ್ಬುಗೆರೆ ಇರುತ್ತದೆ, ಇದರ ತಲೆ ಬೋಳು. ಬೇರೆಯೇ ಜಾತಿ, ಪೂರ್ತಿ ಬೆಳೆದ ಗಂಡು. ಅದನ್ನು ಕೆಳಗೆ ಬಿಟ್ಟವಳೇ ಬೇಲಿಯ ಪಕ್ಕಕ್ಕೆ ಓಡಿ ವಾಂತಿ ಮಾಡಿದೆ.

"ಬಸುರಿಯೇನವ್ವಾ?"

"ಅಯ್ಯೋ, ಮದುವೇನೇ ಆಗಿಲ್ಲ ಅಜ್ಜಿ. ಕಪ್ಪೆ ಕಂಡ್ರೆ ಅಸಹ್ಯ."

"ಅಂಗಿದ್ರೆ ಈ ಕೆಲ್ಸಕ್ಯಾಕೆ ಬಂದ್ಬುಟ್ಟೆ?" ಎಂದು ಅಜ್ಜಿ ನಕ್ಕಳು.

ಬಸ್ಸಿನಲ್ಲಿ ಕೂತು ನೋಟ್‌ಬುಕ್ ತೆರೆದೆ. ದುಂಡು ಅಕ್ಷರ, ಗೆರೆ ಎಳೆದ ಅಂಕಣ, ಕಣ್ಣಾರೆ ನೋಡದ ಅಂಗಾಲುಗಳ ವರ್ಣನೆ. ಲೋಳೆ ಮುಟ್ಟಿದಾಗ ಆದದ್ದಕ್ಕಿಂತ ಹೆಚ್ಚು ಹೇಸಿಗೆ ಆ ಪುಟಗಳನ್ನು ಕಂಡು ಆಯಿತು.

ಮರುದಿನ ಮೇಷ್ಟ್ರಿಗೆ ಎಲ್ಲವನ್ನೂ ಹೇಳಿದೆ. ಅವರು ನೋಟ್‌ಬುಕ್ ಇಸಿದುಕೊಂಡು ಪುಟ ತಿರುವಿದರು. ಆಮೇಲೆ ಕೆಂಪು ಪೆನ್ನು ತೆಗೆದು ಮೂರು ವಾರದ ಪುಟಗಳಿಗೆ ಒಂದೊಂದಾಗಿ ಅಡ್ಡಗೆರೆ ಎಳೆದು, "ಅಸಹ್ಯ ಆದ್ರೆ ಆಗ್ಲಿ, ಸುಳ್ಳು ಬರೀಬೇಡ" ಎಂದರು.

ಮಳೆಗಾಲ ಮುಗಿಯುವವರೆಗೂ ಮತ್ತೆ ಗುಂಡಿಗೆ ಹೋದೆ. ಪ್ರತಿಯೊಂದನ್ನೂ ಹಿಡಿದೆ, ಮಗುಚಿದೆ, ನೋಡಿ ಬರೆದು ಬಿಟ್ಟೆ. ಅಭ್ಯಾಸವಾದರೆ ಪ್ರೀತಿ ಹುಟ್ಟುತ್ತದೆ ಎಂದು ಗೆಳತಿಯರು ಹೇಳಿದ್ದರು. ನನಗೆ ಹುಟ್ಟಲಿಲ್ಲ. ಕೊನೆಯ ಕಪ್ಪೆಯೂ ಮೊದಲನೆಯದರಷ್ಟೇ ವಾಕರಿಕೆ ತಂದಿತು. ಆದರೆ ಪಟ್ಟಿ ಸರಿಯಿತ್ತು. ಅಜ್ಜಿ ತೋರಿಸಿದ ಕುಳ್ಳ ನೆಲಗಪ್ಪೆ ಅದರಲ್ಲಿ ತನ್ನದೇ ಹೆಸರಿನಲ್ಲಿತ್ತು.

ಎರಡು ಸಾವಿರದ ಇಸವಿಯ ನಂತರ ಜಯಲಕ್ಷ್ಮಿಪುರಂ ಕಡೆ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಮಳೆ ಬಿದ್ದ ಮೇಲೆ ಮಕ್ಕಳನ್ನು ಮೈದಾನಕ್ಕೆ ಕರೆದೊಯ್ದು, ಕಪ್ಪೆ ಹಿಡಿದು ಅಂಗಾಲು ತೋರಿಸುತ್ತಿದ್ದೆ. ಒಮ್ಮೆ ಹಿಂದೆ ಸರಿದು ನಿಂತಿದ್ದ ಹುಡುಗಿಯೊಬ್ಬಳು ಮೂಗು ಮುಚ್ಚಿಕೊಂಡೇ ಕೇಳಿದಳು, "ನಿಮಗೆ ಅಸಹ್ಯ ಆಗಲ್ವಾ ಮೇಡಂ?"

"ಆಗುತ್ತೆ ಕಣಮ್ಮ, ತುಂಬಾ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಕಣ್ಣು ಬಿಗಿಯಾಗಿ ಮುಚ್ಚಿ ಅಂಗೈ ಚಾಚಿದಳು.