ಎಂಬತ್ತು ಕಿಲೋ ಮತ್ತು ಕೋಯಾನ ಫೋನ್

ಕೊಚ್ಚಿ ವಿಮಾನ ನಿಲ್ದಾಣದಲ್ಲಿ ನಾನು ಫ್ಲೈಟ್ ಡಿಸ್ಪ್ಯಾಚರ್ ಆಗಿ ಸೇರಿ ಆಗ ಮೂರನೆಯ ವರ್ಷ. ದ್ವೀಪಕ್ಕೆ ಹೋಗುವ ಸಣ್ಣ ವಿಮಾನ ಎಷ್ಟು ಭಾರ ಹೊರಬಹುದೆಂದು ಲೆಕ್ಕ ಹಾಕಿ ಲೋಡ್ ಶೀಟ್ ಕೊಡುವುದು ನನ್ನ ಕೆಲಸ. ದ್ವೀಪದ ರನ್‌ವೇ ಗಿಡ್ಡ, ಎರಡೂ ತುದಿಗೆ ಸಮುದ್ರ. ಅಲ್ಲಿ ಮಳೆ ಬಿದ್ದು ರನ್‌ವೇ ಒದ್ದೆಯಾದರೆ ಇಲ್ಲಿ ಭಾರ ಇಳಿಸಲೇಬೇಕು.

ಲೈಸೆನ್ಸ್ ನನ್ನದು, ಒಳ್ಳೆಯ ಹೆಸರು ಮಾತ್ರ ಕೋಯಾನದು. ದ್ವೀಪದಲ್ಲಿ ನಮ್ಮ ಕಂಪನಿಯ ಕೆಲಸ ನೋಡಿಕೊಳ್ಳುತ್ತಿದ್ದವನು ಅವನು. ಪೈಲಟ್‌ಗಳಿಂದ ಲೋಡರ್‌ಗಳವರೆಗೆ ಎಲ್ಲರ ಬಾಯಲ್ಲೂ ‘ಕೋಯಾ ಏನಂದ?’ ನನಗೆ ಹೊಟ್ಟೆ ಉರಿಯುತ್ತಿತ್ತು. ಮುಚ್ಚುಮರೆ ಯಾಕೆ, ಅವನ ಫೋನ್ ಬಂದರೆ ಬೇಕೆಂದೇ ನಾಲ್ಕು ರಿಂಗ್ ಆಗಲು ಬಿಟ್ಟು ಎತ್ತುತ್ತಿದ್ದೆ.

ಆ ಬೆಳಿಗ್ಗೆ ದ್ವೀಪದಲ್ಲಿ ಮಳೆ. ವಿಮಾನಕ್ಕೆ ಎಂಬತ್ತು ಕಿಲೋ ಹೆಚ್ಚಾಯಿತು. ಪ್ರಯಾಣಿಕರು ಒಪ್ಪಿ ಬ್ಯಾಗ್ ಬಿಟ್ಟರೆ ಸರಿ, ಇಲ್ಲವಾದರೆ ಕೊನೆಗೆ ಚೆಕ್-ಇನ್ ಆದವರನ್ನು ಬಿಟ್ಟು ಹೋಗುವುದು ನಮ್ಮಲ್ಲಿದ್ದ ಕ್ರಮ. ಗೇಟಿನಲ್ಲಿ ನಿಂತು ಕೇಳಿದೆ. ಎಲ್ಲರೂ ನೆಲ ನೋಡಿದರು. ಕೊನೆಗೆ ಬಂದಿದ್ದವರು ಹಂಸ ಎಂಬ ಹಿರಿಯರು.

“ಮೋಳೇ,” ಮಗಳೇ ಎಂದು ಕರೆದರು, “ಇವತ್ತು ಸಂಜೆ ನನ್ನ ಮಗಳ ನಿಕಾಹ್. ತಂದೆಯಾಗಿ ಮಾಡಿಕೊಡಬೇಕಾದವನೇ ನಾನು.” ಮುಂದಿನ ವಿಮಾನ ಮರುದಿನ.

ಹುಬ್ಬಳ್ಳಿ ಕಡೆಯ ಕ್ಯಾಪ್ಟನ್ ನನ್ನನ್ನು ಕೇಳಿದರು: “ಕೋಯಾಗ ಒಂದ್ ಮಾತು ಕೇಳೀರೇನ್ರಿ?”

“ಕೇಳಿದೆ ಸರ್,” ಎಂದೆ. ಹಸಿ ಸುಳ್ಳು. ಇದನ್ನೂ ಅವನೇ ಬಗೆಹರಿಸಿ ಶಭಾಸ್ ಅನ್ನಿಸಿಕೊಳ್ಳುವುದು ನನಗೆ ಬೇಕಿರಲಿಲ್ಲ.

ಹಂಸ ಜಗಳ ಮಾಡಲಿಲ್ಲ. ಹೊಸ ಬಿಳಿ ಪಂಚೆಯ ಅಂಚು ಸರಿಮಾಡಿಕೊಂಡು ಕುರ್ಚಿಯಲ್ಲಿ ಕೂತರು. ಬೈದಿದ್ದರೆ ಅವರ ಹೆಸರು ಹೊಡೆದುಹಾಕುತ್ತಿದ್ದೆನೋ ಏನೋ. ಹಾಗೆ ಕೂತವರನ್ನು ಬಿಟ್ಟು ವಿಮಾನ ಕಳಿಸಲು ಮನಸ್ಸಾಗದೆ, ಕ್ಯಾಪ್ಟನ್ ಮುಂದೆ ಸುಳ್ಳು ಒಪ್ಪಿಕೊಂಡು ಕೋಯಾನಿಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿ ವಿಷಯ ಕೇಳಿಕೊಂಡ.

“ಚೇಚಿ, ಸ್ಪೀಕರ್ ಹಾಕಿ.” ಅಕ್ಕ ಎನ್ನಲು ಅವನು ಬಳಸುತ್ತಿದ್ದ ಮಾತು ಅದು.

ಪ್ರಯಾಣಿಕರ ಪಟ್ಟಿ ಅವನ ಕೈಯಲ್ಲೂ ಇತ್ತು. ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದ. “ನಬೀಸಾತ್ತಾ, ನಿಮ್ಮ ಪಾತ್ರೆ ಪೆಟ್ಟಿಗೆ ನಾಳೆ ಬಂದರೆ ಸಾಕಲ್ಲ? ಇವತ್ತು ಹೇಗೂ ಊಟ ಹಂಸ ಅವರ ಮನೆಯಲ್ಲೇ.” ಜನ ನಕ್ಕರು. ಐದು ನಿಮಿಷದಲ್ಲಿ ಆರು ಬ್ಯಾಗೇಜ್ ಚೀಟಿಗಳು ನನ್ನ ಕೈಗೆ ಬಂದವು. ನಾನು ಕೇಳಿದಾಗ ನೆಲ ನೋಡಿದ್ದವರೇ ಅವರು. ಎಂಬತ್ತು ಕಿಲೋ ಇಳಿಯಿತು, ಹಂಸ ವಿಮಾನ ಹತ್ತಿದರು.

ಸಂಜೆ ಕೋಯಾ ಮತ್ತೆ ಫೋನ್ ಮಾಡಿದ. “ನಿಕಾಹ್ ಆಯ್ತು. ಕೊಚ್ಚಿಯ ಚೇಚಿಯೇ ಕಳಿಸಿಕೊಟ್ಟದ್ದು ಅಂತ ಎಲ್ಲರಿಗೂ ಹೇಳಿದ್ದೇನೆ.” ಅದನ್ನು ಕೇಳಿ ಹೊಟ್ಟೆ ಇನ್ನಷ್ಟು ಉರಿಯಿತು.

ವಿಮಾನಕ್ಕೆ ಎಷ್ಟು ಭಾರ ಹೆಚ್ಚು ಎಂದು ಹೇಳಲು ನನಗೆ ಪರೀಕ್ಷೆಗಳು ಕಲಿಸಿದ್ದವು. ಅದರಲ್ಲಿ ಯಾವುದು ನಾಳೆಯವರೆಗೆ ಕಾಯಬಲ್ಲದು ಎಂದು ತಿಳಿಯಲು ಜನರ ಹೆಸರು ಗೊತ್ತಿರಬೇಕು. ಅಸೂಯೆ ಹೋಗಿದೆ ಎನ್ನಲಾರೆ. ಆದರೆ ದ್ವೀಪದಲ್ಲಿ ಮಳೆಯಾದ ದಿನ ನನ್ನ ಮೊದಲ ಫೋನ್ ಅವನಿಗೇ. ಅವನು ಒಂದು ದಿನವೂ ನನ್ನನ್ನು ಎರಡನೇ ರಿಂಗಿಗೆ ಕಾಯಿಸಿಲ್ಲ.