ಚಿನ್ನಿಯನ್ನು ಕರೆದ ದನಿ

ದೆವ್ವ, ಗಾಳಿ, ಸೋಂಕು ಇವನ್ನೆಲ್ಲ ನಾನು ನಂಬಿದವನಲ್ಲ. ನಂಬಿದವರನ್ನು ಅಣಕಿಸಿ ನಗಿಸುವುದೇ ನನ್ನ ಕಸುಬಾಗಿತ್ತು. ಸಿಂದಗಿಯ ನಮ್ಮ ಓಣಿಯಲ್ಲಿ ನಾನು ದನಿ ಕದಿಯದ ಮನೆಯಿಲ್ಲ. ಎಚ್ಚರವಿದ್ದಾಗಲೇ ನನ್ನ ಗೊರಕೆಯನ್ನೂ ಹೊಡೆದು ತೋರಿಸಬಲ್ಲೆ. ಹೀಗಾಗಿ ಈಗ ಬರೆಯುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ.

ನನ್ನ ಚಾಳಿಗೆ ರೋಸಿಹೋದ ಅಕ್ಕ ಮನೆಯಲ್ಲಿ ಒಂದು ಕಾಯ್ದೆ ಮಾಡಿದ್ದಳು: ಮುಖ ಕಾಣದೆ ಯಾರ ಕೂಗಿಗೂ ‘ಓ’ ಅನ್ನಬಾರದು. ಆಗ ಆರು ವರ್ಷದವಳಾಗಿದ್ದ ಅವಳ ಮಗಳು ಚಿನ್ನಿ ಇದನ್ನು ಮಗ್ಗಿಗಿಂತ ಚೆನ್ನಾಗಿ ಕಲಿತಿದ್ದಳು. ಪಾಪ, ಅವ್ವ ಕರೆದಳೆಂದು ಓಡಿಬಂದು ಎಷ್ಟು ಸಲ ನನ್ನ ಹಲ್ಲು ನೋಡಿದ್ದಳೋ.

ಮೂರು ವರ್ಷದ ಹಿಂದೆ, ದೀಪಾವಳಿ ಸೂಟಿಯಲ್ಲಿ, ಅಕ್ಕನ ಗಂಡ ತನ್ನ ಹಳೆಯ ಟೆಂಪೊದೊಳಗೆ ಎರಡು ಮಂಚ, ಗ್ಯಾಸಿನ ಒಲೆ ಕೂಡಿಸಿ, ಕಿಟಕಿಗೆ ಪರದೆ ಕಟ್ಟಿ, ಗಾಡಿಯನ್ನೇ ಮನೆ ಮಾಡಿದ. ನಾವು ನಾಲ್ವರೂ ಅದರಲ್ಲಿ ಬಸವನ ಬಾಗೇವಾಡಿ ದಾಟಿ, ಮುದ್ದೇಬಿಹಾಳದ ಕಡೆ ಹಿನ್ನೀರಿನ ದಂಡೆಯ ಒಂದು ವನಕ್ಕೆ ಹೋದೆವು. ಬೇವು, ಹೊಂಗೆ ಬೆಳೆಸಿ ನಡುವೆ ಡೇರೆ ಹಾಕಲು ಜಾಗ ಬಿಟ್ಟಿದ್ದರು. ಅಂದು ನಮ್ಮ ಹೊರತು ಯಾರೂ ಬಂದಿರಲಿಲ್ಲ. ಗೇಟಿನಲ್ಲಿ ಬಿಳಿಮೀಸೆಯ ಮುದುಕ ಕಾವಲುಗಾರ ಒಬ್ಬನೇ.

ಹೊತ್ತು ಮುಳುಗುವಾಗ ಅಕ್ಕ ರೊಟ್ಟಿಯ ಗಂಟು ಬಿಚ್ಚಿದಳು. ಚಿನ್ನಿ ಇರಲಿಲ್ಲ.

ಅಕ್ಕ ಕೂಗಿದಳು. ಅವಳ ಗಂಡನೂ ಕೂಗಿದ. ಉತ್ತರವಿಲ್ಲ. ಅಕ್ಕ ಸೀದಾ ಬಂದು ನನ್ನ ಕಾಲರು ಹಿಡಿದಳು.

“ಸಾಕ್ ಮಾಡೋ ನಿನ್ನ ಆಟ. ಕೂಸಿನ್ನ ಎಲ್ಲಿ ಮುಚ್ಚಿಟ್ಟಿ?”

“ನಿನ್ನಾಣಿ ಅಕ್ಕಾ, ನಾ ಇಲ್ಲೇ ಉಳ್ಳಾಗಡ್ಡಿ ಹೆಚ್ಚಾಕತ್ತಿದ್ದೆ.”

“ನಿನ್ನ ಮಾರಿ ನೋಡಿದ್ರ ನಂಬೂದ್ಹೆಂಗ?”

ಆಗ ನನಗೆ ಹೊಳೆಯಿತು. ಚಿನ್ನಿಗೆ ಕೂಗು ಕೇಳುತ್ತಿರಬಹುದು. ಮುಖ ಕಾಣದ್ದಕ್ಕೆ, ಮಾಮನೇ ಅವ್ವನ ದನಿಯಲ್ಲಿ ಕಾಡುತ್ತಿದ್ದಾನೆ ಎಂದುಕೊಂಡು ಓ ಅನ್ನುತ್ತಿಲ್ಲ. ನೀರು ಇನ್ನೂರು ಹೆಜ್ಜೆಯಲ್ಲಿತ್ತು. ನನ್ನ ಸ್ವಂತ ದನಿಯಲ್ಲಿ ಕೂಗಿದೆ. ಅದು ನನ್ನದೆಂದರೂ ಅವಳೇಕೆ ನಂಬಬೇಕು?

ಅಕ್ಕನ ಗಂಡ ಒಂದು ಕಡೆ, ಕಾವಲುಗಾರ ಬ್ಯಾಟರಿ ಹಿಡಿದು ಇನ್ನೊಂದು ಕಡೆ ಓಡಿದರು. ಅಕ್ಕ ಕಾಲರು ಬಿಡದೆ ನನ್ನನ್ನು ಎಳೆದುಕೊಂಡೇ ಗಿಡಗಳ ನಡುವೆ ಹುಡುಕಿದಳು. ಬೈಯುತ್ತಲೇ ಇದ್ದಳು. ಕೊನೆಕೊನೆಗೆ ಬೈಗುಳವೂ ನಿಂತಿತು. ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು.

ತಿರುಗಿ ಬಂದಾಗ ಚಿನ್ನಿ ಗಾಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ಲಂಗ ಸೊಂಟದವರೆಗೆ ತೊಯ್ದಿತ್ತು. ಅಕ್ಕ ಒಂದೇ ಕೈಯಿಂದ ಅವಳನ್ನು ಅವಚಿಕೊಂಡಳು. ಚಿನ್ನಿ ನನ್ನ ಮೇಲೆ ಸಿಟ್ಟಾದಳು.

“ಮಾಮಾ, ನನ್ನ ಇಲ್ಲಿ ಬಿಟ್ಟು ಎಲ್ಲಿ ಹೋದಿ?”

“ನಾ ಎಲ್ಲಿ ಬಂದಿದ್ದೆ?”

“ನೀನಽ ಅಲ್ಲ ದಂಡಿ ಮ್ಯಾಲ ನಿಂತು ಕರದಾಂವ? ಮಾರಿ ಕಂಡಿತು, ಅದಕ್ಕ ಓ ಅಂದು ನೀರಾಗಿಂದ ಬಂದೆ. ಕೈ ಹಿಡದು ಕರಕೊಂಡು ಬಂದಿ.”

ಅಕ್ಕನ ಇನ್ನೊಂದು ಕೈ ಆಗಲೂ ನನ್ನ ಕಾಲರಿನ ಮೇಲೇ ಇತ್ತು.

“ಯಾರ ದನೀಲೆ ಕರದೆ ನಾ?” ಎಂದೆ.

“ಗೊತ್ತಿಲ್ಲ. ಆ ದನಿ ನೀ ಯಾವತ್ತೂ ಮಾಡಿಲ್ಲ. ನಗಾಕತ್ತಿರಲಿಲ್ಲ ನೀ.”

ಮೀನು ಹಿಡಿಯುವವರು ಯಾರೋ ಇದ್ದಿರಬೇಕು ಎಂದು ಅಕ್ಕನ ಗಂಡ ಹೇಳಿದ. ಇರಬಹುದು. ಮಬ್ಬುಗತ್ತಲಲ್ಲಿ ಮಗು ಮುಖ ತಪ್ಪಿ ನೋಡಿರಬಹುದು. ಆದರೆ ಮಗುವನ್ನು ಮೆಟ್ಟಿಲ ಮೇಲೆ ಕೂರಿಸಿದವನು ಒಂದು ಮಾತೂ ಆಡದೆ ಏಕೆ ಹೋದ? ಈ ಕಥೆ ಕೇಳಿದವರೆಲ್ಲ ಒಂದೊಂದು ಉತ್ತರ ಹೇಳುತ್ತಾರೆ.

ಮೊನ್ನೆ ಚಿನ್ನಿ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು, “ಮಾಮಾ, ಎಲ್ಲಾರದೂ ಮಾಡ್ತಿ. ಅವತ್ತಿಂದು ಒಮ್ಮಿ ಮಾಡ” ಎಂದು ಕಾಯತೊಡಗಿದಳು.

“ನನಗ ಬರಂಗಿಲ್ಲವ್ವಾ” ಎಂದೆ.