ಅಮೃತವ್ವನ ಇಂಚು

ನಮ್ಮ ಅತ್ತೆ ಅಮೃತವ್ವ ಕೊರಳಿನ ಟೇಪು ತೆಗೆಯುವುದು ಸ್ನಾನಕ್ಕೆ ಹೋಗುವಾಗ ಮಾತ್ರ. ಊಟಕ್ಕೆ ಕೂತಾಗ ತುದಿ ಸಾರಿಗೆ ಇಳಿಬಿದ್ದರೂ ಅದು ಅಲ್ಲೇ. ಬೆಟಗೇರಿಯ ನಮ್ಮ ಓಣಿಯ ಹೆಂಗಸರೆಲ್ಲ ಜಂಪರು ಹೊಲಿಸಿಕೊಳ್ಳುವುದು ಈಕೆಯ ಹತ್ತಿರ. ಲಕ್ಷ್ಮೇಶ್ವರಕ್ಕೋ ಮುಂಡರಗಿಗೋ ಮದುವೆಯಾಗಿ ಹೋದವರೂ ಹಬ್ಬಕ್ಕೆ ತವರಿಗೆ ಬರುವಾಗ ಬಟ್ಟೆ ಹಿಡಿದುಕೊಂಡೇ ಬರುತ್ತಾರೆ. ನಾನು ಶಿರಹಟ್ಟಿಯವಳು. ಸೊಸೆಯಾಗಿ ಬಂದ ದಿನವೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೇತ್ರಾ, ನಿಂದು ಎಡಗಡಿ ಹೆಗಲು ಒಂಚೂರು ಇಳದೈತಿ. ಚಿಂತಿ ಮಾಡಬ್ಯಾಡ, ಹೊಲಿಗ್ಯಾಗ ಮುಚ್ಚತೇನಿ" ಅಂದಿದ್ದರು. ಮೈಯೆಲ್ಲ ಉರಿದುಹೋಯಿತು. ಆಮೇಲೆ ಬಾಗಿಲು ಹಾಕಿಕೊಂಡು ಕನ್ನಡಿಯಲ್ಲಿ ನೋಡಿದೆ. ಖರೆ ಇತ್ತು.

ಈಗ ಅವರ ಕೈ ನಡುಗುತ್ತದೆ. ಕತ್ತರಿಗೆ ತೊಂದರೆಯಿಲ್ಲ, ಅದು ಹಲಗೆಯ ಮೇಲೆ ಊರಿಕೊಂಡು ನಡೆಯುತ್ತದೆ. ಸೀಮೆಸುಣ್ಣದ ಖಡು ಹಿಡಿದು ಬಟ್ಟೆಯ ಮೇಲೆ ಗೆರೆ ಎಳೆಯಲು ಹೋದರೆ ಮಾತ್ರ ಗೆರೆ ಅಂಕುಡೊಂಕು. ಹೊಂಬಳದ ಸುಶ್ಮಿತಾ ಅನ್ನುವ ಹುಡುಗಿಯ ಮದುವೆ ಜಂಪರಿನ ಬಟ್ಟೆ ಬಂದು ಕೂತಿತ್ತು. ಹಸಿರು ರೇಷ್ಮೆ. ಕೆಟ್ಟರೆ ಅಂಥದ್ದೇ ಇನ್ನೊಂದು ತುಂಡು ಸಿಗುವುದಿಲ್ಲ. ಅತ್ತೆ ಅದನ್ನು ಬಿಚ್ಚುವುದು, ಮತ್ತೆ ಮಡಚಿಡುವುದು. ಕೊನೆಗೆ ಮಗನನ್ನು ಕೇಳಿಯೇಬಿಟ್ಟರು: "ಮಾದೇವಾ, ನಂದು ಇಲ್ಲಿಗಿ ಮುಗೀತೇನೋ?"

ಆ ಮಗ ನನ್ನ ಗಂಡ ಮಹಾದೇವ. ಗದಗಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೂತು ವ್ಯಾಪಾರಸ್ಥರಿಗೆ ಬಿಲ್ಲಿನ ಪ್ರೋಗ್ರಾಂ ಬರೆದುಕೊಡುವ ಕೆಲಸ. "ಗೆರಿ ನಾ ಎಳೀತೇನಿ ಬೇ, ನೀ ಕತ್ತರಸು" ಅಂದರು. ಮೈಯ ಅಳತೆ ಹೇಳಿದರೆ ಸಾಕು, ಮನೆಯ ಪ್ರಿಂಟರು ಅಷ್ಟೇ ಅಳತೆಯ ಗೆರೆ ಹಾಕಿದ ಕಾಗದ ಕೊಡುತ್ತದೆ. ಕಾಗದಗಳನ್ನು ಒಂದಕ್ಕೊಂದು ಅಂಟಿಸಿ, ಬಟ್ಟೆಯ ಮೇಲಿಟ್ಟು, ಗೆರೆಗುಂಟ ಕತ್ತರಿಸುವುದು. ಕೇಳಲಿಕ್ಕೆ ಎಷ್ಟು ಚೆಂದ!

ಮೊದಲ ಬಲಿ ನಾನೇ. ಅತ್ತೆ ನನ್ನ ಮೈಗೆ ಟೇಪು ಹಿಡಿದು ಅಂಕಿ ಕೂಗಿದರು, ಇವರು ಮನೆಯ ಕಂಪ್ಯೂಟರಿನಲ್ಲಿ ಒತ್ತಿಕೊಂಡರು. ಹಳೆಯ ಸೀರೆಯ ಬಟ್ಟೆಯಲ್ಲಿ ಜಂಪರು ತಯಾರಾಯಿತು. ತೊಟ್ಟರೆ ಎದೆ ಸಡಿಲ, ತೋಳು ಸಡಿಲ, ಕೆಳಗೆ ಉದ್ದ. ಎಡ ಹೆಗಲೊಂದೇ ಅಲ್ಲ, ಎರಡೂ ಇಳಿದುಬಿಟ್ಟವು. ಅತ್ತೆ ಬೆನ್ನ ಹಿಂದೆ ಬಟ್ಟೆಯನ್ನು ಚಿವುಟಿ ಹಿಡಿದು ನಿಂತರು.  

"ಇದು ಕಾಗದದ ಗಡಿಬಿಡಿ" ಎಂದು ಇವರು ತಲೆ ಕೆರೆದುಕೊಂಡರು. ಪ್ರೋಗ್ರಾಮಿನಲ್ಲಿ ಕಾಗದದ ಉದ್ದಗಲವನ್ನು ಇಂಚಿನ ನೂರನೇ ಪಾಲಿನಲ್ಲಿ ಹೇಳಬೇಕಂತೆ. ಗೆರೆಯನ್ನು ಪಾಯಿಂಟಿನಲ್ಲಿ, ಇಂಚಿಗೆ ಎಪ್ಪತ್ತೆರಡು ಪಾಯಿಂಟು. ಪ್ರಿಂಟರು ಮಾತ್ರ ಮಿಲಿಮೀಟರಿನಲ್ಲಿ ಯೋಚಿಸುತ್ತದಂತೆ.

"ಒಂದು ಕಾಗದಕ್ಕ ಮೂರು ಭಾಷಿ ಯಾಕ್ರಿ?" ಅಂದೆ.

"ಅದು ನಿನಗ ತಿಳಿಯಂಗಿಲ್ಲ ಬಿಡು."

ತಮಗಾದರೂ ತಿಳಿದಿತ್ತೋ ಇಲ್ಲವೋ, ದೇವರೇ ಬಲ್ಲ.

ಮರುದಿನ ಅಂಗಡಿಯಿಂದ ಇವರ ಫೋನು. ಕಾಗದದ ಉದ್ದ ಅಳೆದು ಹೇಳಬೇಕಂತೆ. ಅತ್ತೆ ಟೇಪು ಹಿಡಿದು, "ಹನ್ನೆರಡೂ ಮುಕ್ಕಾಲು ಐತಿ ನೋಡಪಾ" ಅಂದರು. ಅಗಲ? "ಒಂಬತ್ತೂ ಕಾಲು."

ಆ ಕಡೆ ಕೀಲಿಮಣೆ ಟಕಟಕ ಅಂದಿತು. ಆಮೇಲೆ, "ಅಂಥಾ ಕಾಗದ ಜಗತ್ತಿನಾಗ ಇಲ್ಲ ಬೇ! ಎ-ಫೋರ್ ಅಂದ್ರ ಹನ್ನೆರಡು ಇಂಚಿಗಿ ಕಡಿಮಿ ಇರತೈತಿ" ಎಂದರು.

"ಇಲ್ಲಂದ್ರ ನನ್ನ ಕೈಯಾಗ ಇರೋದೇನು, ಹಪ್ಪಳಾ?"

ಕಾಗದದ ಅಂಗಡಿಯವನೇ ಮೋಸ ಮಾಡಿದ್ದಾನೆಂದು ಇವರು ಅಲ್ಲಿಗೆ ಹೋಗಿ ಜಗಳವಾಡಿ ಬಂದರು. ಬಂದವರು ಆ ಹೊಸ ಅಳತೆಯನ್ನೇ ಪ್ರೋಗ್ರಾಮಿಗೆ ಹಾಕಿದರು. ಪ್ರಿಂಟರು ಜಂಪರಿನ ಅರ್ಧ ಕೊರಳನ್ನು ಕಾಗದದಿಂದ ಆಚೆಗೆ ಒಯ್ದುಬಿಟ್ಟಿತು. ಆಮೇಲೆ ಇನ್ನೊಂದು ಉಪಾಯ: ಸರಿಯಾಗಿ ಒಂದು ಇಂಚಿನ ಚೌಕ ಪ್ರಿಂಟು ಮಾಡಿ ಅಳೆಯುವುದು. ಮತ್ತೆ ಇವರು ಅಂಗಡಿಯಲ್ಲಿ, ನಾವು ಮನೆಯಲ್ಲಿ. ಚೌಕ ಬಂತು. ನನ್ನ ಕಣ್ಣಿಗೆ ಅಂಚೆಚೀಟಿಯಷ್ಟು ಕಂಡಿತು. ಅತ್ತೆ ಟೇಪಿಟ್ಟು ನೋಡಿ, "ಎರಡು ಇಂಚು" ಅಂದರು. ಟೇಪು ಹೇಳಿದ ಮೇಲೆ ನನ್ನದೇನು ಮಾತು?

"ಸಿಕ್ತು! ಡಬಲ್ ಮಾಡಾಕತ್ತೈತಿ!" ಎಂದು ಫೋನಿನಲ್ಲೇ ಕುಣಿದ ಈ ಮಹಾನುಭಾವರು ಎಲ್ಲವನ್ನೂ ಅರ್ಧ ಮಾಡಿ, ಹೊಸ ಪ್ರೋಗ್ರಾಂ ವಾಟ್ಸಾಪಿನಲ್ಲಿ ಕಳಿಸಿದರು. ನಾನು ಪ್ರಿಂಟು ತೆಗೆದೆ. ತೊಟ್ಟಿಲ ಕೂಸಿಗೆ ಆಗುವಂಥ ಜಂಪರು ಹೊರಬಂತು.

ಅಷ್ಟರಲ್ಲಿ ಹೊಂಬಳದ ಬಸ್ಸಿಳಿದು ಸುಶ್ಮಿತಾ ಬಂದಳು. "ಆಯಿ, ಜಂಪರ ಆತೇನ್ರಿ?" ಎಂದು ನಗುತ್ತಲೇ ಒಳಗೆ ಕಾಲಿಟ್ಟಳು.

ಅತ್ತೆ ಆ ಚಿಕ್ಕ ಕಾಗದದ ಜಂಪರನ್ನು ನೋಡಿದರು. ಎದ್ದು ಹೋಗಿ ಹಸಿರು ರೇಷ್ಮೆಯನ್ನು ತಂದು ಹುಡುಗಿಯ ಕೈಯಲ್ಲಿಟ್ಟರು. "ಬ್ಯಾರೆ ಕಡೆ ಹೊಲಿಸ್ಕೋ ಯವ್ವಾ. ನನ್ನ ಕೈ ಮದಲಽ ಹೋಗಿತ್ತು. ಈಗ ಕಣ್ಣೂ ಹೋತು. ಟೇಪ ನೋಡಿ ಅಂಕಿ ಹೇಳಾಕೂ ಬರವಲ್ದು."

ಹೀಗೆ ಹೇಳಿ ಕೊರಳಿನ ಟೇಪು ತೆಗೆದು ಗೋಡೆಯ ಮೊಳೆಗೆ ಹಾಕಿದರು.

ಹುಡುಗಿ ಬಟ್ಟೆ ಹಿಡಿದು ಕಣ್ಣು ಪಿಳಿಪಿಳಿ ಬಿಡುತ್ತ ನಿಂತಳು. ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಗಂಡನ ಮೇಲೋ, ಪ್ರಿಂಟರಿನ ಮೇಲೋ, ಆ ಹಾಳು ಪಾಯಿಂಟಿನ ಮೇಲೋ ಗೊತ್ತಿಲ್ಲ. ಮೊಳೆಯಿಂದ ಟೇಪು ಕಿತ್ತುಕೊಂಡು, ಹಿಂದಿನ ಚೌಕವನ್ನು ಹುಡುಕಿ, ನಾನೇ ಅಳೆಯಲು ಕೂತೆ. ಟೇಪಿನ ತುದಿಯನ್ನು ಚೌಕದ ಗೆರೆಗೆ ಸರಿಯಾಗಿ ಹಚ್ಚಿದೆ. ಇನ್ನೊಂದು ಗೆರೆ ಎರಡರ ಮೇಲೆ ಬಂತು. ಖರೇನೇ ಎರಡು! ಒಂದು ಎಲ್ಲಿ ಹೋಯಿತೆಂದು ತುದಿ ನೋಡಿದೆ. ತುದಿಗೆ ಇರಬೇಕಾದ ತಗಡಿನ ಪಟ್ಟಿಯಿಲ್ಲ. ಅಂಚಿನಲ್ಲಿ ಒಂದರ ಅಂಕಿ ಅರ್ಧ ಉಳಿದಿತ್ತು. ಅದರ ಹಿಂದಿನ ಇಡೀ ಇಂಚೇ ಇಲ್ಲ.

"ಅತ್ತಿ! ಇದರ ಮದಲನೇ ಇಂಚು ಎಲ್ಲೈತಿ?"

"ಅಯ್ಯ, ಅದೇನ ಹೊಸಾದು? ತಗಡು ಕಿತ್ತು ಎಳಿ ಬಿಚ್ಚಾಕತ್ತಿತ್ತು. ನಿನ್ನ ಗಂಡ ಇನ್ನೂ ಶಾಲಿಗಿ ಹೊಂಟಿದ್ದಿಲ್ಲ, ಆವಾಗ ಕತ್ತರಿಸಿ ಒಗದೇನಿ."

"ಹಂಗಾರ ಇಷ್ಟ ದಿನಾ ಜಂಪರ ಹೆಂಗ ಸರಿ ಬಂದ್ವು?"

"ಯಾಕ ಬರಬಾರ್ದು? ಮೈಗೂ ಅದಽ ಟೇಪ, ಬಟ್ಟಿಗೂ ಅದಽ ಟೇಪ. ನಾಕ ಪಾಲು ಮಾಡಬೇಕಾದ್ರ ಟೇಪನ್ನಽ ನಾಕ ಮಡಿಕಿ ಮಾಡಿ ಇಡತೇನಿ. ಅಂಕಿ ಯಾರ ನೋಡ್ತಾರ?" ಅಂದರು. ಅಂದವರು ಅಲ್ಲೇ ನಿಂತುಬಿಟ್ಟರು. "ಹಂಗಾರ... ನನ್ನ ಕಣ್ಣು ತಪ್ಪಿದ್ದಿಲ್ಲೇನ?"

"ಇಲ್ಲರೀ ಅತ್ತಿ. ನಿಮ್ಮ ಕಣ್ಣು ಏನೂ ತಪ್ಪಿಲ್ಲ" ಅಂದೆ. ಅನ್ನುವಷ್ಟರಲ್ಲಿ ನನಗೇ ಅಳು ಬಂತು. ಸುಶ್ಮಿತಾ ಏನೂ ತಿಳಿಯದೆ ನಮ್ಮಿಬ್ಬರ ಮುಖ ನೋಡುತ್ತ ಕೂತಳು.

ಫೋನು ಮಾಡಿದರೆ ಇವರು ಮೊದಲು "ಯಾವ ಟೇಪು?" ಅಂದರು, ಆಮೇಲೆ "ಯವ್ವಾ!" ಅಂದರು, ಆಮೇಲೆ ಗಾಡಿ ಹತ್ತಿ ಮನೆಗೇ ಬಂದರು. ದಾರಿಯಲ್ಲಿ ಹೊಸ ಟೇಪೂ ಕೊಂಡು ತಂದಿದ್ದರು. ಅತ್ತೆ ಅದನ್ನು ಮುಟ್ಟಲೂ ಇಲ್ಲ. "ನನ್ನ ಬೆರಳಿಗಿ ಹಳೇದಽ ಗೊತ್ತೈತಿ" ಎಂದು ಹಳೆಯದನ್ನೇ ಕೊರಳಿಗೆ ಹಾಕಿಕೊಂಡರು. ಇವರು ಪ್ರೋಗ್ರಾಮಿಗೆ ಕೂತು, ಅರ್ಧ ಮಾಡಿದ್ದನ್ನೂ ಕಾಗದದ ಸುಳ್ಳು ಅಳತೆಯನ್ನೂ ತೆಗೆದುಹಾಕಿದರು. ಅಳತೆಯ ಪಟ್ಟಿಯಲ್ಲಿ ಮಿಲಿಮೀಟರು, ಇಂಚು, ಪಾಯಿಂಟು ಇದ್ದವಲ್ಲ, ಅವುಗಳ ಕೆಳಗೆ ಇನ್ನೊಂದು ಸೇರಿಸಿದರು: ಅವ್ವ. ಅದನ್ನು ಆರಿಸಿದರೆ ಹೇಳಿದ ಪ್ರತಿ ಅಂಕಿಯಲ್ಲೂ ಒಂದು ಇಂಚು ಕಳೆಯುತ್ತದೆ.

ಸುಶ್ಮಿತಾಳ ಮೈಗೆ ಟೇಪು ಹಿಡಿದು ಅತ್ತೆ "ಉದ್ದ ಹದಿನೈದು!" ಎಂದು ಓಣಿಗೆ ಕೇಳುವಂತೆ ಕೂಗಿದರು. ಕಾಗದ ಬಂತು. ಇವರು ಸ್ಟೀಲಿನ ಅಳತೆಪಟ್ಟಿ ಇಟ್ಟು ನೋಡಿದರೆ ಸರಿಯಾಗಿ ಹದಿನಾಲ್ಕು. ಅತ್ತೆ ಕಾಗದವನ್ನು ಹಸಿರು ರೇಷ್ಮೆಯ ಮೇಲೆ ಹಾಸಿ, ನಡುಗುವ ಕೈಯಿಂದ ಸೂಜಿ ಚುಚ್ಚಿ, ಕತ್ತರಿಯನ್ನು ಹಲಗೆಗೆ ಊರಿದರು.

"ನಾ ತಪ್ಪ ಹೇಳಿದ್ರೂ ಖರೇನಽ ತಿಳಕೊಂತೈತಲ್ಲೋ ಇದು" ಎಂದು ಮಗನ ಕಡೆ ನೋಡಿದರು. ಆಮೇಲೆ ಕತ್ತರಿ ನಡೆಯಿತು, ಗೆರೆಗುಂಟ, ಎಲ್ಲೂ ನಿಲ್ಲಲಿಲ್ಲ.